ದೊಡ್ಡ ಟಿವಿ, ಚಿಕ್ಕ ಬಜೆಟ್: ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಉಳಿಸಬೇಕು

"ದೊಡ್ಡ ಟಿವಿ ಬೇಕು, ಕೈಯಲ್ಲಿ ದುಡ್ಡು ಇಷ್ಟೇ ಇದೆ, ಯಾವುದು ತಗೊಳ್ಳಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಜೊತೆಗೆ ಎರಡು ಮಾಡೆಲ್‌ಗಳ ಹೆಸರೂ ಇರುತ್ತದೆ: ಇದಾ, ಅದಾ? ಒಂದು ಹೆಸರು ಹೇಳಿ ಮುಗಿಸುವುದು ಸುಲಭ. ಆದರೆ ಮಾಡೆಲ್‌ಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಅಷ್ಟರಲ್ಲಿ ನನ್ನ ಉತ್ತರ ಹಳಸಿರುತ್ತದೆ. ಅದಕ್ಕೇ ಆರಿಸುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು ನೆನಪಿಟ್ಟುಕೊಳ್ಳಿ. ಟಿವಿಯಲ್ಲಿ ಕೆಲವನ್ನು ಆಮೇಲೆ ಸೇರಿಸಿಕೊಳ್ಳಬಹುದು, ಕೆಲವನ್ನು ಏನು ಮಾಡಿದರೂ ಬದಲಿಸಲಾಗದು. ಸದ್ದು ಸಾಲದಿದ್ದರೆ ಮುಂದಿನ ವರ್ಷ ಸೌಂಡ್‌ಬಾರ್ ತಂದರಾಯಿತು. ಆ್ಯಪ್‌ಗಳು ನಿಧಾನವಾದರೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರಾಯಿತು. ಪರದೆಯ ಅಳತೆ, ಕಪ್ಪು ಎಷ್ಟು ಕಪ್ಪಾಗಿ ಕಾಣುತ್ತದೆ ಎಂಬುದು, ಹೊಳಪು ಮಾತ್ರ ಕೊಂಡ ದಿನ ಹೇಗಿತ್ತೋ ಕೊನೆಯವರೆಗೂ ಹಾಗೇ. ಬಜೆಟ್ ಬಿಗಿಯಾಗಿದ್ದಾಗ ದುಡ್ಡು ಮೊದಲು ಪರದೆಗೆ ಹೋಗಬೇಕು. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಬೇಕಾಗುವ ಸಾಮಾನು: ಅಳತೆ ಟೇಪು, ಒಂದಿಷ್ಟು ಹಳೇ ನ್ಯೂಸ್‌ಪೇಪರ್, ಅಂಟು ಟೇಪು, ಒಂದು ಪೆನ್‌ಡ್ರೈವ್, ಬರೆದುಕೊಳ್ಳಲು ಹಾಳೆ.

ಹಂತ 1: ದುಡ್ಡನ್ನು ಮೊದಲೇ ಹಂಚಿಡಿ

ನಿಮ್ಮ ಒಟ್ಟು ದುಡ್ಡು 100 ಭಾಗ ಅಂದುಕೊಳ್ಳಿ. ಅದರಲ್ಲಿ 10ರಿಂದ 15 ಭಾಗವನ್ನು ಈಗಲೇ ಪಕ್ಕಕ್ಕಿಡಿ. ಗೋಡೆಗೆ ಹಾಕುವ ಬ್ರಾಕೆಟ್, ಸಾಗಣೆ, ಅಳವಡಿಕೆ, ಒಂದು ಕೇಬಲ್, ಪ್ಲಗ್‌ಗೆ ಸರ್ಜ್ ಪ್ರೊಟೆಕ್ಟರ್ (ಕರೆಂಟು ದಿಢೀರನೆ ಏರಿದರೆ ತಡೆಯುವ ಪೆಟ್ಟಿಗೆ), ಹೀಗೆ ಸಣ್ಣಪುಟ್ಟ ಖರ್ಚು ಸೇರುತ್ತಾ ಹೋಗುತ್ತದೆ. ಉಳಿದ ಮೊತ್ತವೇ ಟಿವಿಯ ಬಜೆಟ್. ಅದನ್ನು ಹಾಳೆಯ ಮೇಲೆ ಬರೆದು ಗೆರೆ ಎಳೆಯಿರಿ.

ಎಚ್ಚರಿಕೆ: ಕಂತಿನ ಮಾತು ಶುರುವಾದ ಕೂಡಲೇ ಈ ಗೆರೆ ಜಾರುತ್ತದೆ. "ತಿಂಗಳಿಗೆ ಇನ್ನೊಂಚೂರು ಹಾಕಿದರೆ ಇದರ ಮೇಲಿನ ಮಾಡೆಲ್ ಬರುತ್ತೆ" ಅಂತಾರೆ. ತಿಂಗಳ ಕಂತನ್ನು ಒಟ್ಟು ತಿಂಗಳಿಂದ ಗುಣಿಸಿ, ಅದಕ್ಕೆ ಪ್ರೊಸೆಸಿಂಗ್ ಶುಲ್ಕ ಕೂಡಿಸಿ. ಬಂದ ಸಂಖ್ಯೆ ನಿಮ್ಮ ಗೆರೆಯೊಳಗೆ ಇದೆಯಾ ನೋಡಿ, ಆಮೇಲೆ ತಲೆಯಾಡಿಸಿ.

ಹಂತ 2: ಕೋಣೆ ಅಳೆಯಿರಿ

ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ.

ಟಿವಿಯ ಇಂಚು ಅಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದ ಉದ್ದ. ಅಗಲ ಎಷ್ಟು, ಎತ್ತರ ಎಷ್ಟು ಅಂತ ಅದು ಹೇಳುವುದಿಲ್ಲ. 55 ಇಂಚಿನ ಪರದೆ ಸುಮಾರು 122 ಸೆಂ.ಮೀ. ಅಗಲ, 68 ಸೆಂ.ಮೀ. ಎತ್ತರ ಇರುತ್ತದೆ. 65 ಇಂಚು ಅಂದರೆ 144 ಅಗಲ, 81 ಎತ್ತರ. 75 ಇಂಚು ಅಂದರೆ 166 ಅಗಲ, 93 ಎತ್ತರ. ಸುತ್ತಲಿನ ಚೌಕಟ್ಟಿಗೆ ಒಂದೆರಡು ಸೆಂ.ಮೀ. ಸೇರಿಸಿಕೊಳ್ಳಿ. 55ಕ್ಕೂ 65ಕ್ಕೂ 10 ಇಂಚು ತಾನೇ ವ್ಯತ್ಯಾಸ ಅನ್ನಿಸಬಹುದು. ಪರದೆಯ ವಿಸ್ತೀರ್ಣದಲ್ಲಿ ಅದು ಶೇ. 40ರಷ್ಟು ಜಾಸ್ತಿ! 65ರಿಂದ 75ಕ್ಕೆ ಹೋದರೆ ಇನ್ನೂ ಶೇ. 33.

ಈಗ ನೀವು ಕೂರುವ ಜಾಗದಿಂದ ಪರದೆ ಬರುವ ಜಾಗಕ್ಕೆ ಎಷ್ಟು ದೂರ ಅಂತ ಸೆಂ.ಮೀ.ನಲ್ಲಿ ಅಳೆಯಿರಿ. ಗೋಡೆಯಿಂದ ಗೋಡೆಗೆ ಅಳೆದರೆ ತಪ್ಪಾಗುತ್ತದೆ. ಕೂತವರ ಕಣ್ಣಿಂದ ಪರದೆಗೆ ಅಳೆಯಬೇಕು. ಬಂದ ಸಂಖ್ಯೆಯನ್ನು 4ರಿಂದ ಭಾಗಿಸಿ. ಅದೇ ನಿಮಗೆ ಹಿತವಾಗಿ ಒಗ್ಗುವ ಇಂಚು. 3ರಿಂದ ಭಾಗಿಸಿದರೆ ಥಿಯೇಟರ್ ಥರ ಕಣ್ತುಂಬುವ ಇಂಚು ಸಿಗುತ್ತದೆ. ಉದಾಹರಣೆಗೆ ದೂರ 260 ಸೆಂ.ಮೀ. ಅಂದುಕೊಳ್ಳಿ. 4ರಿಂದ ಭಾಗಿಸಿದರೆ 65, 3ರಿಂದ ಭಾಗಿಸಿದರೆ ಸುಮಾರು 87. ಅಂದರೆ 65ರಿಂದ 85ರವರೆಗೆ ಯಾವುದಾದರೂ ನಡೆಯುತ್ತದೆ, ಮುಂದಿನದು ದುಡ್ಡಿನ ಪ್ರಶ್ನೆ. ಈ 4 ಮತ್ತು 3 ಸುಮ್ನೆ ಬಂದ ಸಂಖ್ಯೆಗಳಲ್ಲ. ಪರದೆ ನಮ್ಮ ದೃಷ್ಟಿಯಲ್ಲಿ ಸುಮಾರು 30 ಡಿಗ್ರಿ ಅಗಲ ತುಂಬಿದರೆ ಮಾಮೂಲಿ ವೀಕ್ಷಣೆಗೆ ಸಾಕು, 40 ಡಿಗ್ರಿ ತುಂಬಿದರೆ ಸಿನಿಮಾ ಅನುಭವ. ಆ ಕೋನಗಳ ಲೆಕ್ಕವೇ ಹೀಗೆ ಬರುತ್ತದೆ.

ಒಂದು ತಗಾದೆ ಇದೆ. ಮನೆಯಲ್ಲಿ ಹೆಚ್ಚಾಗಿ ಹಳೇ ಕಾಲದ ಎಸ್‌ಡಿ ಚಾನೆಲ್‌ಗಳನ್ನೇ ನೋಡುವುದಾದರೆ 3ರ ಲೆಕ್ಕ ಬೇಡ. ಎಸ್‌ಡಿ ಚಿತ್ರದಲ್ಲಿ 720×576 ಪಿಕ್ಸೆಲ್ (ಚಿತ್ರ ಕಟ್ಟುವ ಚುಕ್ಕಿ) ಇದ್ದರೆ, 4ಕೆ (3840×2160) ಪರದೆಯಲ್ಲಿ ಅದರ ಸರಿಯಾಗಿ 20 ಪಟ್ಟು ಚುಕ್ಕಿಗಳಿವೆ. ಒಂದು ಚುಕ್ಕಿಯ ಮಾಹಿತಿಯಿಂದ ಟಿವಿ 20 ಚುಕ್ಕಿ ತುಂಬಿಸಬೇಕು. ಪರದೆ ದೊಡ್ಡದಾದಷ್ಟೂ ಮುಖಗಳು ಮೇಣ ಬಳಿದ ಹಾಗೆ ಕಾಣುತ್ತವೆ. ಟಿವಿ ಕೆಟ್ಟದು ಅಂತ ಬೈಯುವವರಲ್ಲಿ ಎಷ್ಟೋ ಜನರ ತಕರಾರು ನಿಜಕ್ಕೂ ಚಾನೆಲ್‌ನದ್ದು.

ಇಂಚು ಗೊತ್ತಾದ ಮೇಲೆ ನ್ಯೂಸ್‌ಪೇಪರ್‌ಗಳನ್ನು ಅದೇ ಅಳತೆಗೆ ಜೋಡಿಸಿ ಗೋಡೆಗೆ ಅಂಟಿಸಿ. ಎರಡು ದಿನ ಹಾಗೇ ಬಿಡಿ. ಬಾಗಿಲು ತೆಗೆದಾಗ ತಾಗುತ್ತಾ, ಸ್ವಿಚ್‌ಬೋರ್ಡ್ ಮುಚ್ಚಿಹೋಗುತ್ತಾ, ಮನೆಯವರ ಮುಖ ಹೇಗಾಗುತ್ತೆ, ಎಲ್ಲ ಗೊತ್ತಾಗುತ್ತದೆ. ಅಂಟಿಸುವಾಗ ಎತ್ತರವನ್ನೂ ಸರಿಯಾಗಿ ಹಿಡಿಯಿರಿ. ಸೋಫಾದಲ್ಲಿ ಕೂತಾಗ ಕಣ್ಣು ನೆಲದಿಂದ ಸುಮಾರು 100 ಸೆಂ.ಮೀ. ಮೇಲಿರುತ್ತದೆ. ಪರದೆಯ ನಡುಭಾಗ ಆ ಮಟ್ಟಕ್ಕೆ ಅಥವಾ ತುಸು ಮೇಲಕ್ಕೆ ಬಂದರೆ ಕತ್ತಿಗೆ ನೆಮ್ಮದಿ. ಫೋಟೋ ಫ್ರೇಮಿನ ಹಾಗೆ ಗೋಡೆಯ ತುದಿಗೆ ಏರಿಸಿದ ಟಿವಿಗಳನ್ನು ನೋಡಿದರೆ ನನಗೆ ಕತ್ತು ನೋಯುತ್ತದೆ.

ಗೋಡೆಗೆ ಬೇಡ, ಮೇಜಿನ ಮೇಲೇ ಇಡುತ್ತೇವೆ ಅನ್ನುವವರು ಕಾಲುಗಳ ನಡುವಿನ ಅಂತರ ನೋಡಲೇಬೇಕು. ಈಗಿನ ಹೆಚ್ಚಿನ ದೊಡ್ಡ ಟಿವಿಗಳಿಗೆ ಕಾಲು ನಡುವೆ ಇರುವುದಿಲ್ಲ, ಎರಡೂ ತುದಿಗಳಲ್ಲಿ ಇರುತ್ತವೆ. ನಾನು ಇದನ್ನು ನೋಡದೆ ಟಿವಿ ತಂದು, ಒಂದು ಕಾಲು ಮೇಜಿನ ಮೇಲೆ, ಇನ್ನೊಂದು ಗಾಳಿಯಲ್ಲಿ ಅನ್ನುವ ಸ್ಥಿತಿಯಲ್ಲಿ ಅರ್ಧ ಗಂಟೆ ಅದನ್ನು ಹಿಡಿದು ನಿಂತಿದ್ದೆ. ಈ ಅಂತರ ಕಂಪನಿಯ ವಿವರ ಪಟ್ಟಿಯಲ್ಲೇ ಇರುತ್ತದೆ. ಗೋಡೆಗೆ ಹಾಕುವವರು "ವೆಸಾ" ಸಂಖ್ಯೆ ಬರೆದುಕೊಳ್ಳಿ. ಅದು ಟಿವಿಯ ಬೆನ್ನಿನ ನಾಲ್ಕು ಸ್ಕ್ರೂ ತೂತುಗಳ ನಡುವಿನ ಅಂತರ, 400×300 ಮಿ.ಮೀ. ಎಂಬಂತೆ. ಬ್ರಾಕೆಟ್ ಆ ಅಳತೆಗೂ ಹೊಂದಬೇಕು, ತೂಕವನ್ನೂ ತಡೆಯಬೇಕು.

ಕೊನೆಯದಾಗಿ, ಡಬ್ಬ ಒಳಗೆ ಬರುತ್ತದಾ? ಡಬ್ಬ ಟಿವಿಗಿಂತ ಉದ್ದ ಇರುತ್ತದೆ. ದೊಡ್ಡ ಟಿವಿಯನ್ನು ಮಲಗಿಸಿ ಸಾಗಿಸಬಾರದು, ನಿಲ್ಲಿಸಿಯೇ ತರಬೇಕು. ಲಿಫ್ಟು, ಮೆಟ್ಟಿಲ ತಿರುವು, ಬಾಗಿಲು ಮೂರನ್ನೂ ಅಳೆದುಬಿಡಿ.

ಹಂತ 3: ನೀವು ಏನು ನೋಡುತ್ತೀರಿ ಅಂತ ಬರೆದುಕೊಳ್ಳಿ

ನಾಲ್ಕೇ ಸಾಲು ಸಾಕು. ಹಗಲು ಕಿಟಕಿ ಬೆಳಕಿನಲ್ಲಿ ನೋಡುವುದು ಜಾಸ್ತಿಯಾ, ರಾತ್ರಿ ದೀಪ ಆರಿಸಿ ನೋಡುವುದಾ? ಎಲ್ಲರೂ ಎದುರಿಗೇ ಕೂರುತ್ತಾರಾ, ಪಕ್ಕದಿಂದಲೂ ನೋಡುತ್ತಾರಾ? ಗೇಮ್ ಕನ್ಸೋಲ್ ಇದೆಯಾ? ನ್ಯೂಸ್ ಚಾನೆಲ್ ದಿನವಿಡೀ ಓಡುತ್ತಾ? ಮುಂದಿನ ಹಂತದಲ್ಲಿ ಪ್ರತಿ ಉತ್ತರವೂ ಕೆಲಸಕ್ಕೆ ಬರುತ್ತದೆ. ಅಂದಹಾಗೆ, ನೀವು ಹೇಗೆ ನೋಡಬೇಕು ಅಂದುಕೊಂಡಿದ್ದೀರೋ ಅದನ್ನು ಬರೆಯಬೇಡಿ, ಕಳೆದ ವಾರ ನಿಜಕ್ಕೂ ಹೇಗೆ ನೋಡಿದಿರೋ ಅದನ್ನು ಬರೆಯಿರಿ.

ಹಂತ 4: ಪ್ಯಾನೆಲ್ ಆರಿಸಿ

ಪ್ಯಾನೆಲ್ ಅಂದರೆ ಚಿತ್ರ ಮೂಡಿಸುವ ಪರದೆಯ ಭಾಗ. ನಿಜವಾದ ಆಯ್ಕೆ ಇಲ್ಲಿದೆ. ಹೆಸರುಗಳ ಗೊಂದಲವೂ ಇಲ್ಲೇ.

"ಎಲ್‌ಇಡಿ ಟಿವಿ" ಅಂತ ಮಾರುವುದೆಲ್ಲ ನಿಜದಲ್ಲಿ ಎಲ್‌ಸಿಡಿ ಟಿವಿಗಳು. ಮುಂದೆ ಎಲ್‌ಸಿಡಿ ಪದರ (ಬೆಳಕನ್ನು ಬೇಕಾದಷ್ಟೇ ಬಿಟ್ಟು ಚಿತ್ರ ಮೂಡಿಸುವ ತೆರೆ), ಹಿಂದೆ ಅದನ್ನು ಬೆಳಗುವ ಎಲ್‌ಇಡಿ ದೀಪಗಳು. ಈ ದೀಪಗಳಿಗೆ ಬ್ಯಾಕ್‌ಲೈಟ್ ಅನ್ನುತ್ತಾರೆ. "ಕ್ಯೂಎಲ್‌ಇಡಿ" ಕೂಡ ಇದೇ ಜಾತಿ. ಜೊತೆಗೆ ಕ್ವಾಂಟಮ್ ಡಾಟ್ ಎಂಬ ಅತಿಸಣ್ಣ ಹರಳುಗಳ ಪದರ ಇರುತ್ತದೆ, ಅದು ನೀಲಿ ಬೆಳಕನ್ನು ಶುದ್ಧ ಕೆಂಪು, ಹಸಿರಾಗಿ ಬದಲಿಸುತ್ತದೆ. ಬಣ್ಣ ಗಾಢವಾಗುತ್ತದೆ ನಿಜ. ಕಪ್ಪು ಮಾತ್ರ ಅದರಿಂದ ಒಂದಿಷ್ಟೂ ಸುಧಾರಿಸುವುದಿಲ್ಲ. "ಒಎಲ್‌ಇಡಿ" ಬೇರೆಯೇ ಜಾತಿ. ಅದರಲ್ಲಿ ಬ್ಯಾಕ್‌ಲೈಟ್ ಇಲ್ಲ, ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗಿ ತಾನೇ ಆರುತ್ತದೆ. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ ಅಷ್ಟೇ, ಅದರಿಂದಲೇ ಎಷ್ಟೋ ಜನ ಮೋಸ ಹೋಗುತ್ತಾರೆ.

ಎಲ್‌ಸಿಡಿಯಲ್ಲಿ ಎರಡು ಬಗೆ ಸಿಗುತ್ತವೆ: ವಿಎ ಮತ್ತು ಐಪಿಎಸ್. ವಿಎ ಪ್ಯಾನೆಲ್‌ನ ಕಾಂಟ್ರಾಸ್ಟ್ (ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ಅಂತರ) ಸಾಮಾನ್ಯವಾಗಿ 3000:1ಕ್ಕಿಂತ ಮೇಲೆ. ಐಪಿಎಸ್‌ನದ್ದು 1000:1ರ ಆಸುಪಾಸು. ಕತ್ತಲ ಕೋಣೆಯಲ್ಲಿ ಐಪಿಎಸ್‌ನ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದರ ಬದಲು ಪಕ್ಕದಿಂದ ನೋಡಿದರೂ ಐಪಿಎಸ್ ಬಣ್ಣ ಉಳಿಸಿಕೊಳ್ಳುತ್ತದೆ, ವಿಎ ಮಂಕಾಗುತ್ತದೆ. ಹಾಗಾಗಿ ಎದುರಿಗೆ ಕೂತು ರಾತ್ರಿ ನೋಡುವವರಿಗೆ ವಿಎ, ಅಗಲವಾದ ಕೋಣೆಯಲ್ಲಿ ಮೂಲೆಮೂಲೆಯಿಂದ ಹಗಲು ನೋಡುವ ಮನೆಗೆ ಐಪಿಎಸ್. ಎರಡರಲ್ಲಿ ಒಂದನ್ನು ಕಣ್ಣುಮುಚ್ಚಿ ಹೇಳು ಅಂದರೆ ನಾನು ವಿಎ ಅನ್ನುತ್ತೇನೆ.

ಎಚ್ಚರಿಕೆ: ಒಂದೇ ಮಾಡೆಲ್ ಹೆಸರಿನಡಿ ಬೇರೆ ಬೇರೆ ಇಂಚುಗಳಲ್ಲಿ ಬೇರೆ ಬೇರೆ ಪ್ಯಾನೆಲ್ ಇರಬಹುದು. 55 ಇಂಚಿಗೆ ವಿಎ, 43ಕ್ಕೋ 75ಕ್ಕೋ ಐಪಿಎಸ್. ವಿಮರ್ಶೆ ಓದುವಾಗ ಅದು ನೀವು ಕೊಳ್ಳುವ ಇಂಚಿನದ್ದೇ ಅಂತ ಖಚಿತ ಮಾಡಿಕೊಳ್ಳಿ.

ಇನ್ನು ಬ್ಯಾಕ್‌ಲೈಟ್. ಅಗ್ಗದ ಟಿವಿಗಳಲ್ಲಿ ದೀಪಗಳು ಎಲ್ಲವೂ ಒಟ್ಟಿಗೇ ಉರಿಯುತ್ತವೆ. ರಾತ್ರಿಯ ದೃಶ್ಯದಲ್ಲಿ ಒಂದು ಚಂದ್ರ ಇದ್ದರೂ ಇಡೀ ಆಕಾಶದ ಹಿಂದೆ ದೀಪ ಉರಿಯುತ್ತಿರುತ್ತದೆ. "ಲೋಕಲ್ ಡಿಮ್ಮಿಂಗ್" ಇರುವ ಟಿವಿಯಲ್ಲಿ ದೀಪಗಳನ್ನು ವಲಯಗಳಾಗಿ ಹಂಚಿರುತ್ತಾರೆ. ಚಂದ್ರ ಇರುವ ವಲಯ ಮಾತ್ರ ಬೆಳಗುತ್ತದೆ, ಉಳಿದವು ಮಂದವಾಗುತ್ತವೆ. ವಲಯ ಹೆಚ್ಚಿದಷ್ಟೂ ನಾಜೂಕು. ವಲಯ ಕಡಿಮೆ ಇದ್ದರೆ ಚಂದ್ರನ ಸುತ್ತ ಬೆಳಕಿನ ಪ್ರಭೆ ಹರಡಿಕೊಳ್ಳುತ್ತದೆ. ಇದಕ್ಕೆ ಬ್ಲೂಮಿಂಗ್ ಅಂತ ಹೆಸರು. ದೀಪಗಳನ್ನು ತುಂಬಾ ಚಿಕ್ಕದು ಮಾಡಿ, ಸಾವಿರಗಟ್ಟಲೆ ತುಂಬಿ, ವಲಯ ಹೆಚ್ಚಿಸಿದ ಟಿವಿಯೇ ಮಿನಿ-ಎಲ್‌ಇಡಿ. 2019ರಲ್ಲಿ ಟಿಸಿಎಲ್ ಮೊದಲು ಇದನ್ನು ಮಾರುಕಟ್ಟೆಗೆ ತಂದಾಗ ಅದು ದುಬಾರಿ ಸಾಲಿನಲ್ಲಿತ್ತು. ಈಗ ಟಿಸಿಎಲ್, ಹೈಸೆನ್ಸ್‌ನಂಥ ಕಂಪನಿಗಳು ಅದನ್ನು ಮಧ್ಯಮ ಬೆಲೆಗೆ ಇಳಿಸಿವೆ. ಬಿಗಿ ಬಜೆಟ್ಟಿನಲ್ಲಿ ದೊಡ್ಡ ಪರದೆ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇತ್ತೀಚೆಗೆ ಬಂದಿಲ್ಲ.

ವಿವರ ಪಟ್ಟಿಯಲ್ಲಿ "ಮೈಕ್ರೋ ಡಿಮ್ಮಿಂಗ್" ಅಂತ ಇದ್ದರೆ ಹಿಗ್ಗಬೇಡಿ. ಅದು ಹೆಚ್ಚಾಗಿ ಚಿತ್ರದ ಮೇಲೆ ನಡೆಯುವ ಸಾಫ್ಟ್‌ವೇರ್ ಕೈಚಳಕ, ದೀಪಗಳು ಆರುವುದೇ ಇಲ್ಲ. "ಫುಲ್ ಅರೇ ಲೋಕಲ್ ಡಿಮ್ಮಿಂಗ್" (ದೀಪಗಳು ಪರದೆಯ ಹಿಂದೆಲ್ಲ ಹರಡಿರುವ ಬಗೆ) ಎಂಬ ಮಾತು, ಸಾಧ್ಯವಾದರೆ ವಲಯಗಳ ಸಂಖ್ಯೆ ಹುಡುಕಿ. ಪಟ್ಟಿಯಲ್ಲಿ ಸಿಗದಿದ್ದರೆ ಆರ್‌ಟಿಂಗ್ಸ್‌ನಂಥ, ಟಿವಿ ತಾವೇ ಕೊಂಡು ಅಳೆದು ಬರೆಯುವವರ ವರದಿ ನೋಡಿ.

ಒಎಲ್‌ಇಡಿ ವಿಷಯ ಬೇಗ ಮುಗಿಸುತ್ತೇನೆ. ಕತ್ತಲ ಕೋಣೆಯಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ 65 ಇಂಚು ದಾಟಿದ ಮೇಲೆ ಬೆಲೆ ಒಮ್ಮೆಲೇ ಜಿಗಿಯುತ್ತದೆ. ದಿನವಿಡೀ ನ್ಯೂಸ್ ಚಾನೆಲ್ ಓಡುವ ಮನೆಗೆ ಅದು ಬೇಡ. ಚಾನೆಲ್‌ನ ಲೋಗೋ, ಕೆಳಗಿನ ಪಟ್ಟಿ ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತರೆ ಅವುಗಳ ನೆರಳು ಪರದೆಯಲ್ಲಿ ಶಾಶ್ವತವಾಗಿ ಉಳಿಯಬಹುದು. ಅದನ್ನು ಬರ್ನ್-ಇನ್ ಅನ್ನುತ್ತಾರೆ.

ಹಾಗಾದರೆ ಅದೇ ದುಡ್ಡಿಗೆ ದೊಡ್ಡ ಸಾದಾ ಪರದೆಯಾ, ಒಂದು ಅಳತೆ ಚಿಕ್ಕದಾದ ಒಳ್ಳೆಯ ಪರದೆಯಾ? ಹಂತ 3ರ ಹಾಳೆ ತೆಗೆಯಿರಿ. ಹಗಲು ನೋಡುವುದು, ಕ್ರೀಡೆ, ಧಾರಾವಾಹಿ, ನ್ಯೂಸ್ ಜಾಸ್ತಿ ಇದ್ದರೆ ದೊಡ್ಡದನ್ನೇ ತಗೊಳ್ಳಿ. ಬೆಳಕಿರುವ ಕೋಣೆಯಲ್ಲಿ ಕಪ್ಪಿನ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ದೀಪ ಆರಿಸಿ ಸಿನಿಮಾ, ಸೀರೀಸ್ ನೋಡುವವರು ಒಂದು ಅಳತೆ ಇಳಿದು ಲೋಕಲ್ ಡಿಮ್ಮಿಂಗ್ ಇರುವುದನ್ನು ತಗೊಳ್ಳಿ. ದೊಡ್ಡ ಪರದೆ ಅದರ ದೋಷವನ್ನೂ ದೊಡ್ಡದಾಗಿಯೇ ತೋರಿಸುತ್ತದೆ. ಎರಡು ಅಳತೆ ಮಾತ್ರ ಇಳಿಯಬೇಡಿ. ಅಷ್ಟು ಇಳಿದವರು ಆರು ತಿಂಗಳಲ್ಲಿ "ಇನ್ನೊಂಚೂರು ದೊಡ್ಡದಿರಬೇಕಿತ್ತು" ಅಂದದ್ದನ್ನು ಬೇಕಾದಷ್ಟು ಕೇಳಿದ್ದೇನೆ.

ಹಂತ 5: ಡಬ್ಬದ ಮೇಲಿನ ಸಂಖ್ಯೆಗಳನ್ನು ಸೋಸಿ

4ಕೆ: 3840×2160, ಸುಮಾರು 83 ಲಕ್ಷ ಪಿಕ್ಸೆಲ್. 50 ಇಂಚು ದಾಟಿದ ಮೇಲೆ ಇದಕ್ಕಿಂತ ಕಡಿಮೆ ಬೇಡ, ಈಗ ಹೆಚ್ಚುಕಮ್ಮಿ ಎಲ್ಲವೂ ಇದೇ ಇರುತ್ತದೆ. 8ಕೆಗೆ ದುಡ್ಡು ಕೊಡಬೇಡಿ. ಅದರಲ್ಲಿ ನೋಡಲು ಚಿತ್ರಗಳೇ ಇಲ್ಲದಷ್ಟು ಕಡಿಮೆ.

ಎಚ್‌ಡಿಆರ್: ಬೆಳಕು ಮತ್ತು ಬಣ್ಣದ ಹರವನ್ನು ಹಿಗ್ಗಿಸುವ ವಿಡಿಯೋ ಬಗೆ. ಇದರಲ್ಲಿ ಒಂದು ಚಾಲಾಕಿ ಇದೆ. ಡಬ್ಬದ ಮೇಲೆ "ಎಚ್‌ಡಿಆರ್10" ಅಂತಲೋ "ಡಾಲ್ಬಿ ವಿಷನ್" ಅಂತಲೋ ಬರೆದಿದ್ದರೆ, ಆ ಸಿಗ್ನಲ್ ಟಿವಿಗೆ ಅರ್ಥವಾಗುತ್ತದೆ ಅಂತ ಮಾತ್ರ ಅರ್ಥ. ತೋರಿಸುವ ಶಕ್ತಿ ಇದೆಯಾ ಅನ್ನುವುದು ಬೇರೆ ಮಾತು. ಪರದೆಯ ಹೊಳಪನ್ನು "ನಿಟ್" ಲೆಕ್ಕದಲ್ಲಿ ಅಳೆಯುತ್ತಾರೆ. ಅಗ್ಗದ ಟಿವಿಗಳು ಹೆಚ್ಚಾಗಿ 250ರಿಂದ 350 ನಿಟ್‌ನಲ್ಲಿ ನಿಲ್ಲುತ್ತವೆ, ಎಚ್‌ಡಿಆರ್ ಸಿನಿಮಾಗಳನ್ನು ಸಿದ್ಧಪಡಿಸುವುದೇ 1000 ನಿಟ್ ಅಥವಾ ಅದಕ್ಕೂ ಮೇಲೆ. 600 ನಿಟ್ ಮತ್ತು ಲೋಕಲ್ ಡಿಮ್ಮಿಂಗ್ ಎರಡೂ ಇದ್ದರೆ ಎಚ್‌ಡಿಆರ್ ಅನ್ನುವ ಮಾತಿಗೆ ಅರ್ಥ ಬರುತ್ತದೆ. ಇಲ್ಲದಿದ್ದರೆ ಆ ಲೋಗೋ ಇದೆ ಅಂತ ಮರೆತುಬಿಡಿ. ಕಿಟಕಿಯ ಎದುರು ಟಿವಿ ಇಡುವವರಿಗೂ ಈ ನಿಟ್ ಸಂಖ್ಯೆ ಮುಖ್ಯ.

ರಿಫ್ರೆಶ್ ರೇಟ್: ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬುದು. ನಿಜವಾಗಿ ಇರುವುದು ಎರಡೇ ಮುಖ್ಯ ಬಗೆ, 60 ಹರ್ಟ್ಜ್ ಮತ್ತು 120 ಹರ್ಟ್ಜ್ (ಗೇಮ್‌ಗೆಂದೇ 144 ಇರುವವೂ ಇವೆ). "ಮೋಷನ್ ರೇಟ್ 240" ಥರದ್ದೆಲ್ಲ ಮಾರಾಟದ ಸಂಖ್ಯೆಗಳು. "ನೇಟಿವ್" ಎಂಬ ಪದದ ಪಕ್ಕದಲ್ಲಿ ಇರುವುದನ್ನೇ ನಂಬಿ. ಅದರಲ್ಲೂ ಒಂದು ಬಲೆ ಇದೆ, ಅದರ ಹೆಸರು ಡಿಎಲ್‌ಜಿ. 60 ಹರ್ಟ್ಜ್ ಪ್ಯಾನೆಲ್‌ನಲ್ಲೇ ಎರಡೆರಡು ಗೆರೆಗಳನ್ನು ಒಟ್ಟಿಗೆ ಬರೆದು 120 ಎನ್ನಿಸುವ ಉಪಾಯ ಅದು. ವೇಗ ಎರಡರಷ್ಟಾದಾಗ ಮೇಲಿಂದ ಕೆಳಗಿನ ಸ್ಪಷ್ಟತೆ ಅರ್ಧಕ್ಕಿಳಿಯುತ್ತದೆ.

120 ನಿಮಗೆ ಬೇಕಾ? ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಥರದ ಕನ್ಸೋಲ್ ಇದ್ದರೆ ಹೌದು, ಆಗ 4ಕೆ ಚಿತ್ರವನ್ನು 120 ಹರ್ಟ್ಜ್ ವೇಗದಲ್ಲಿ ಒಪ್ಪುವ ಎಚ್‌ಡಿಎಂಐ 2.1 ಪೋರ್ಟ್ (ಸಾಧನಗಳ ಕೇಬಲ್ ಸಿಕ್ಕಿಸುವ ಕಿಂಡಿ) ಕೂಡ ಬೇಕು. ಸಿನಿಮಾ ಪ್ರೇಮಿಗಳಿಗೂ ಸ್ವಲ್ಪ ಲಾಭ ಇದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟಿನಲ್ಲಿ (ಬಿಡಿ ಚಿತ್ರ) ಓಡುತ್ತದೆ. 120 ಅನ್ನು 24 ಸರಿಯಾಗಿ ಭಾಗಿಸುತ್ತದೆ, 60 ಅನ್ನು ಭಾಗಿಸುವುದಿಲ್ಲ. ಹಾಗಾಗಿ 60 ಹರ್ಟ್ಜ್‌ನಲ್ಲಿ ಒಂದು ಚೌಕಟ್ಟು ಮೂರು ಸಲ, ಮುಂದಿನದು ಎರಡು ಸಲ ಬಂದು, ಕ್ಯಾಮೆರಾ ನಿಧಾನವಾಗಿ ಅತ್ತಿತ್ತ ತಿರುಗುವಾಗ ಸಣ್ಣಗೆ ಕುಲುಕಿದಂತೆ ಕಾಣಬಹುದು. ಇದು ಕೆಲವರಿಗೆ ಕಾಣುತ್ತದೆ, ಕೆಲವರಿಗೆ ಜನ್ಮದಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ಆ ದುಡ್ಡು ಉಳಿಸಿ.

ಹಂತ 6: ಆಮೇಲೆ ಸೇರಿಸಬಹುದಾದದ್ದರಲ್ಲಿ ಕತ್ತರಿ ಹಾಕಿ

ಸದ್ದು: ತೆಳ್ಳಗಿನ ಟಿವಿಯಲ್ಲಿ ದೊಡ್ಡ ಸ್ಪೀಕರ್‌ಗೆ ಜಾಗವೇ ಇಲ್ಲ. ಅದು ಕೆಳಮುಖವಾಗಿ ಕೂಗುತ್ತದೆ. 20 ವಾಟ್, 30 ವಾಟ್ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎಚ್‌ಡಿಎಂಐ ಪೋರ್ಟ್‌ಗಳಲ್ಲಿ ಒಂದರ ಪಕ್ಕ "ಎಆರ್‌ಸಿ" ಅಥವಾ "ಇಎಆರ್‌ಸಿ" ಅಂತ ಇದೆಯಾ ನೋಡಿ, ಸಾಕು. ನಾಳೆ ಸೌಂಡ್‌ಬಾರ್ ತಂದರೆ ಒಂದೇ ಕೇಬಲ್ಲಿನಲ್ಲಿ ಕೆಲಸ ಮುಗಿಯುತ್ತದೆ.

ಸ್ಮಾರ್ಟ್ ಭಾಗ (ಆ್ಯಪ್ ಓಡಿಸುವ ಒಳಗಿನ ಸಾಫ್ಟ್‌ವೇರ್): ಗೂಗಲ್ ಟಿವಿ, ಟೈಜೆನ್, ವೆಬ್‌ಓಎಸ್, ಯಾವುದಾದರೂ ಇರಲಿ, ನಾಲ್ಕೈದು ವರ್ಷದಲ್ಲಿ ನಿಧಾನವಾಗುತ್ತದೆ. ಇದಕ್ಕಾಗಿ ಜಾಸ್ತಿ ಕೊಡಬೇಡಿ. ಆದರೆ ಹೆಸರಿಲ್ಲದ ಅತಿ ಅಗ್ಗದ ಟಿವಿಗಳಲ್ಲಿ ಒಂದು ಬಲೆ ಇದೆ. "ಆ್ಯಂಡ್ರಾಯ್ಡ್" ಅಂತ ಬರೆದಿರುತ್ತಾರೆ, ಒಳಗಿರುವುದು ಪ್ರಮಾಣೀಕರಿಸದ ಫೋನಿನ ಆ್ಯಂಡ್ರಾಯ್ಡ್. ಅದರಲ್ಲಿ ವೈಡ್‌ವೈನ್ ಎಲ್1 (ಕದಿಯದಂತೆ ವಿಡಿಯೋಗೆ ಹಾಕುವ ಬೀಗದ ಮೇಲ್ಮಟ್ಟದ ಅನುಮತಿ) ಇಲ್ಲದಿದ್ದರೆ ದೊಡ್ಡ ಸ್ಟ್ರೀಮಿಂಗ್ ಆ್ಯಪ್‌ಗಳು 4ಕೆ ಟಿವಿಯಲ್ಲೂ ಮಸುಕಾದ ಎಸ್‌ಡಿ ಚಿತ್ರವನ್ನೇ ಕೊಡುತ್ತವೆ. ಪರದೆ ನಿಜಕ್ಕೂ ಚೆನ್ನಾಗಿದ್ದರೆ ಸ್ಟಿಕ್ ಹಾಕಿ ದಾಟಬಹುದು, ಆ ಖರ್ಚನ್ನೂ ಟಿವಿ ಬೆಲೆಗೆ ಕೂಡಿಸಿ ನೋಡಿ.

ಎಚ್‌ಡಿಎಂಐ ಪೋರ್ಟ್ ಮೂರಾದರೂ ಇರಲಿ. ಸೆಟ್‌ಟಾಪ್ ಬಾಕ್ಸ್, ಸ್ಟಿಕ್, ಸೌಂಡ್‌ಬಾರ್ ಅಂದರೆ ಮೂರೂ ಮುಗಿದವು. ಕೇಬಲ್‌ಗೆ ದುಬಾರಿ ಬೆಲೆ ಕೊಟ್ಟರೆ ಚಿತ್ರ ಚೆಂದವಾಗುತ್ತದೆ ಅನ್ನುವುದು ಸುಳ್ಳು. ಅದು ಡಿಜಿಟಲ್ ಸಿಗ್ನಲ್. 4ಕೆ 120 ಬೇಕಿದ್ದವರು ಮಾತ್ರ "ಅಲ್ಟ್ರಾ ಹೈ ಸ್ಪೀಡ್" ಎಂಬ ಪ್ರಮಾಣಪತ್ರದ ಕೇಬಲ್ ಕೊಳ್ಳಿ.

ಹಂತ 7: ಅಂಗಡಿಯಲ್ಲಿ ನೋಡುವ ಕ್ರಮ

ಅಂಗಡಿಯ ಕಣ್ಣು ಕುಕ್ಕುವ ಬೆಳಕಿನಲ್ಲಿ ಟಿವಿಗಳು "ಸ್ಟೋರ್ ಮೋಡ್"ನಲ್ಲಿ ಓಡುತ್ತಿರುತ್ತವೆ. ಹೊಳಪು, ಬಣ್ಣ ಎರಡೂ ತುದಿಗೆ ಏರಿಸಿರುತ್ತಾರೆ. ಹಾಕಿರುವ ವಿಡಿಯೋ ಕೂಡ ಟಿವಿ ಮಾರಲೆಂದೇ ಮಾಡಿದ್ದು: ಕರಿ ಹಿನ್ನೆಲೆಯಲ್ಲಿ ಬಣ್ಣದ ಹೂವು, ಜೇನು, ಹಕ್ಕಿಯ ರೆಕ್ಕೆ. ಆ ಹೂವು ಯಾವ ಟಿವಿಯಲ್ಲೂ ಕೆಟ್ಟದಾಗಿ ಕಾಣುವುದಿಲ್ಲ.

ನಿಮ್ಮ ಪೆನ್‌ಡ್ರೈವ್ ಕೊಡಿ. ಅದರಲ್ಲಿ ಮೂರು ತುಣುಕು ಇರಲಿ: ನೀವೇ ಫೋನಿನಲ್ಲಿ ತೆಗೆದ ಪರಿಚಿತರ ಮುಖ, ಮಬ್ಬುಗತ್ತಲಲ್ಲಿ ತೆಗೆದ ಒಂದು ವಿಡಿಯೋ, ಪೂರ್ತಿ ಬೂದು ಬಣ್ಣದ ಒಂದು ಚಿತ್ರ. ಪಿಕ್ಚರ್ ಮೋಡನ್ನು "ಸಿನಿಮಾ" ಅಥವಾ "ಫಿಲ್ಮ್‌ಮೇಕರ್"ಗೆ ಬದಲಿಸಲು ಹೇಳಿ. ಈಗ ಮುಖದ ಬಣ್ಣ ಮನುಷ್ಯರ ಹಾಗಿದೆಯಾ ನೋಡಿ. ಮಬ್ಬಿನಲ್ಲಿ ವಿವರಗಳು ಉಳಿದಿವೆಯಾ ನೋಡಿ. ಬೂದು ಚಿತ್ರದಲ್ಲಿ ಕೊಳೆಯಂಥ ಕಲೆ, ಉದ್ದುದ್ದ ಪಟ್ಟೆ ಕಂಡರೆ ಕ್ರಿಕೆಟ್, ಫುಟ್‌ಬಾಲ್ ನೋಡುವಾಗ ಹಸಿರು ಮೈದಾನದಲ್ಲೂ ಅವೇ ಕಾಣುತ್ತವೆ. ಆಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆದು ಬಣ್ಣ ಎಷ್ಟು ಮಂಕಾಯಿತು ಗಮನಿಸಿ. ಪೆನ್‌ಡ್ರೈವ್ ಹಾಕಲು ಒಪ್ಪದ ಅಂಗಡಿಯಲ್ಲಿ ಬರೀ ನೋಡಿಕೊಂಡು ಬನ್ನಿ, ಕೊಳ್ಳುವುದು ಬೇರೆಡೆ.

ಹಂತ 8: ಯಾವಾಗ ಕೊಳ್ಳಬೇಕು, ಯಾವ ವರ್ಷದ್ದು

ಕಂಪನಿಗಳು ಹೊಸ ಮಾಡೆಲ್‌ಗಳನ್ನು ಹೆಚ್ಚಾಗಿ ಜನವರಿಯಲ್ಲಿ, ಲಾಸ್ ವೇಗಸ್‌ನ ಸಿಇಎಸ್ ಪ್ರದರ್ಶನದ ಹೊತ್ತಿಗೆ ಘೋಷಿಸುತ್ತವೆ. ಅವು ಅಂಗಡಿಗೆ ಬರಲು ಕೆಲವು ತಿಂಗಳು ಬೇಕು. ಹೊಸದು ಬರುವ ಆ ಸಮಯದಲ್ಲಿ ಹಳೆಯ ಸ್ಟಾಕ್ ಖಾಲಿ ಮಾಡಲು ಬೆಲೆ ಇಳಿಸುತ್ತಾರೆ. ಕಳೆದ ವರ್ಷದ ಮಧ್ಯಮ ಸಾಲಿನ ಟಿವಿ, ಈ ವರ್ಷದ ಕೆಳಸಾಲಿನ ಟಿವಿಗಿಂತ ಹೆಚ್ಚಿನ ಸಲ ಒಳ್ಳೆಯ ಚಿತ್ರ ಕೊಡುತ್ತದೆ. ಬಿಗಿ ಬಜೆಟ್‌ನವರಿಗೆ ಇದಕ್ಕಿಂತ ಸುಲಭದ ಲಾಭ ಇಲ್ಲ.

ಬ್ರಾಂಡ್ ವಿಷಯದಲ್ಲೂ ಇದೇ ಲೆಕ್ಕ. ದೊಡ್ಡ ಹೆಸರಿನ ಕಂಪನಿಯ ಅತಿ ಅಗ್ಗದ ಸಾಲನ್ನು ಹೆಸರಿಗಾಗಿ ಕೊಳ್ಳುವುದಕ್ಕಿಂತ, ಅದೇ ಬೆಲೆಗೆ ಸಿಗುವ ಇನ್ನೊಂದು ಕಂಪನಿಯ ಮಧ್ಯಮ ಸಾಲು ನೋಡಿ. ಒಂದೇ ಷರತ್ತು, ನಿಮ್ಮ ಊರಿಗೆ ಬಂದು ರಿಪೇರಿ ಮಾಡುವವರು ಅವರಿಗೆ ಇರಬೇಕು. ಪ್ಯಾನೆಲ್ ಒಡೆದರೋ ಕೆಟ್ಟರೋ ಅದರ ಬೆಲೆ ಹೊಸ ಟಿವಿಯ ಹತ್ತಿರಕ್ಕೇ ಬರುತ್ತದೆ. ವಾರಂಟಿ ಎಷ್ಟು ವರ್ಷ ಅಂತ ಕೇಳಿದರೆ ಸಾಲದು, ಪ್ಯಾನೆಲ್‌ಗೆ ಎಷ್ಟು ವರ್ಷ ಅಂತ ಬೇರೆಯಾಗಿ ಕೇಳಿ.

ದೊಡ್ಡ ಸೇಲ್‌ಗಳಲ್ಲಿ ಮಾಡೆಲ್ ಸಂಖ್ಯೆಯನ್ನು ಅಕ್ಷರ ಅಕ್ಷರ ಓದಿ. ಪ್ರಸಿದ್ಧ ಮಾಡೆಲ್‌ನ ಹೆಸರಿಗೆ ಒಂದಕ್ಷರ ಹೆಚ್ಚಿದ್ದರೆ ಅದು ಸೇಲ್‌ಗೆಂದೇ ತಯಾರಾದ, ಪೋರ್ಟು, ಹೊಳಪು ಕಡಿಮೆ ಮಾಡಿದ ತಮ್ಮನಿರಬಹುದು.

ಸೆಕೆಂಡ್ ಹ್ಯಾಂಡ್ ಎಲ್‌ಸಿಡಿ ಪರವಾಗಿಲ್ಲ, ಪರೀಕ್ಷೆ ಮಾಡಿ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಒಎಲ್‌ಇಡಿಯನ್ನು ಪೂರ್ತಿ ಕೆಂಪು, ಹಳದಿ, ಬೂದು ಚಿತ್ರ ಹಾಕಿ ನೋಡದೆ ಮುಟ್ಟಬೇಡಿ. ಲೋಗೋಗಳ ನೆರಳು ಈ ಬಣ್ಣಗಳಲ್ಲಿ ಎದ್ದು ಕಾಣುತ್ತದೆ.

ಹಂತ 9: ಟಿವಿ ಮನೆಗೆ ಬಂದ ದಿನ

ಡಬ್ಬ ತೆರೆಯುವುದನ್ನು ಮೊದಲ ಟೇಪು ಕತ್ತರಿಸುವಲ್ಲಿಂದ ಟಿವಿ ಆನ್ ಆಗುವವರೆಗೆ ನಿಲ್ಲಿಸದೆ ವಿಡಿಯೋ ಮಾಡಿ. ಪರದೆ ಒಡೆದಿದ್ದರೆ ಯಾರ ಕೈಯಲ್ಲಿ ಒಡೆಯಿತು ಅನ್ನುವ ಜಗಳಕ್ಕೆ ಇದೊಂದೇ ಸಾಕ್ಷಿ. ಎತ್ತಲು ಇಬ್ಬರು ಬೇಕು. ಚೌಕಟ್ಟಿನ ಅಂಚು ಹಿಡಿಯಿರಿ, ಪರದೆಯ ಮೇಲೆ ಬೆರಳು ಒತ್ತಬೇಡಿ.

ಆನ್ ಮಾಡಿದಾಗ ಟಿವಿ "ಹೋಮ್" ಅಥವಾ "ಸ್ಟೋರ್" ಅಂತ ಕೇಳುತ್ತದೆ. ಹೋಮ್ ಆರಿಸಿ. ಆಮೇಲೆ ಈ ಬದಲಾವಣೆಗಳು: ಪಿಕ್ಚರ್ ಮೋಡ್ ಸಿನಿಮಾಗೆ. ಮೊದಲೆರಡು ದಿನ ಹಳದಿ ಅನ್ನಿಸುತ್ತದೆ, ಕಣ್ಣು ಒಗ್ಗುತ್ತದೆ. ಶಾರ್ಪ್‌ನೆಸ್ ಚೆನ್ನಾಗಿ ಇಳಿಸಿ. ಮೋಷನ್ ಸ್ಮೂತಿಂಗ್ (ಚೌಕಟ್ಟುಗಳ ನಡುವೆ ಟಿವಿಯೇ ಹೊಸ ಚೌಕಟ್ಟು ತುಂಬಿಸುವ ಸೌಲಭ್ಯ) ಆಫ್ ಮಾಡಿ, ಕೋಟಿ ಸುರಿದು ತೆಗೆದ ಸಿನಿಮಾವನ್ನು ಧಾರಾವಾಹಿಯ ಹಾಗೆ ಕಾಣಿಸುವುದು ಅದೇ. ಕನ್ಸೋಲ್ ಅಥವಾ ಸ್ಟಿಕ್ ಹಾಕಿದ ಎಚ್‌ಡಿಎಂಐ ಪೋರ್ಟ್‌ಗೆ ಸೆಟ್ಟಿಂಗ್‌ನಲ್ಲಿ "ಎನ್‌ಹ್ಯಾನ್ಸ್ಡ್" ಆಯ್ಕೆ ಇದ್ದರೆ ಆನ್ ಮಾಡಿ. ಎಷ್ಟೋ ಟಿವಿಗಳಲ್ಲಿ ಅದು ಆಫ್ ಆಗಿಯೇ ಬಂದಿರುತ್ತದೆ, ಜನ ವರ್ಷಗಟ್ಟಲೆ ಎಚ್‌ಡಿಆರ್ ಇಲ್ಲದೆಯೇ ನೋಡುತ್ತಿರುತ್ತಾರೆ. ಖಾಸಗಿತನದ ಮೆನುವಿನಲ್ಲಿ ನೀವು ಏನು ನೋಡುತ್ತೀರಿ ಅಂತ ಕಂಪನಿಗೆ ಕಳಿಸುವ ಅನುಮತಿ ಇರುತ್ತದೆ, ಅದನ್ನೂ ತೆಗೆದುಬಿಡಿ.

ಆ ರಾತ್ರಿಯೇ ದೀಪ ಆರಿಸಿ ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ, ಬೂದು ಚಿತ್ರಗಳನ್ನು ಒಂದೊಂದಾಗಿ ಹಾಕಿ. ಕಪ್ಪಿನಲ್ಲಿ ಮೂಲೆಗಳಿಂದ ಬೆಳಕು ಸೋರುತ್ತಿದೆಯಾ, ಬಣ್ಣಗಳಲ್ಲಿ ಸತ್ತ ಪಿಕ್ಸೆಲ್ (ಬದಲಾಗದೆ ನಿಂತ ಚುಕ್ಕಿ) ಇದೆಯಾ ಹುಡುಕಿ. ಒಂದೆರಡು ಚುಕ್ಕಿಯನ್ನು ಎಷ್ಟೋ ಕಂಪನಿಗಳು ವಾರಂಟಿಯಲ್ಲಿ ದೋಷ ಅಂತ ಒಪ್ಪುವುದಿಲ್ಲ. ಆದರೆ ವಾಪಸ್ ಕೊಡುವ ಅವಧಿ ಇದ್ದರೆ ಅದರೊಳಗೆ ಬದಲಿಸಿಕೊಳ್ಳಬಹುದು. ಆ ಅವಧಿ ಮುಗಿಯುವ ತಾರೀಕನ್ನು ಡಬ್ಬದ ಮೇಲೇ ಪೆನ್ನಿನಲ್ಲಿ ಬರೆದು, ಥರ್ಮಾಕೋಲ್ ಸಮೇತ ಮಂಚದ ಹಿಂದೆ ನಿಲ್ಲಿಸಿ. ಎಷ್ಟೇ ಅಡ್ಡವಾದರೂ ಆ ದಿನದವರೆಗೆ ಗುಜರಿಗೆ ಹಾಕಬೇಡಿ.